ವಾಪಸ್ ಕೊಡದ ಲೈನ್ ಕ್ಲಿಯರ್

ಪ್ರಹ್ಲಾದ ಅರ್ಧ ತಿಂದ ಐಸ್‌ಕ್ರೀಮನ್ನು ಕೋನ್ ಸಮೇತ ಕಸದ ಡಬ್ಬಿಗೆ ಹಾಕಿ, ಸೈಕಲ್ಲನ್ನು ಎತ್ತಿ ಬಂದ ದಾರಿಗೇ ಮುಖ ಮಾಡಿ ನಿಲ್ಲಿಸಿ, ಹತ್ತಿ ತುಳಿಯತೊಡಗಿದ. ನೋರಾ ಊರಿನ ಹಳೇ ಬೀದಿಗೆ ಹಾಸಿದ್ದ ಗುಂಡುಕಲ್ಲುಗಳ ಮೇಲೆ ಅವನ ಹಲ್ಲುಗಳು ಒಂದಕ್ಕೊಂದು ಬಡಿದುಕೊಂಡವು. ಬಣ್ಣದ ಮರದ ಮನೆಗಳ ಮುಂದೆ ಬೆಂಚು ಹಾಕಿಕೊಂಡು ಬಿಸಿಲು ಕಾಯುತ್ತಿದ್ದ ಮುದುಕರು ಕತ್ತು ತಿರುಗಿಸಿ ನೋಡಿದರು. ಆ ಊರಿನಲ್ಲಿ ಯಾರೂ ಅಷ್ಟು ಅವಸರದಲ್ಲಿ ಎಲ್ಲಿಗೂ ಹೋಗುವುದಿಲ್ಲ.

"ಸರ್! ಎಲ್ಲಿಗೆ ಸರ್? ಅರ್ಧ ಗಂಟೆ ಕ್ಯೂ ನಿಂತು ತಗೊಂಡಿದ್ದು ಮಾರಾಯ್ರೆ ಅದು!"

ಕೂಗಿದವಳು ಸ್ಟೆಫನಿ. ಅವಳಿಗೆ ಇಪ್ಪತ್ತೇಳು ವರ್ಷ, ಅವನಿಗೆ ನಲವತ್ತಾರು. ಹಾಗಾಗಿ ಒಂದು ಕೈಯಲ್ಲಿ ಕೋನ್ ಹಿಡಿದು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಬೀದಿ ಮುಗಿಯುವ ಮೊದಲೇ ಅವನ ಪಕ್ಕಕ್ಕೆ ಬಂದುಬಿಟ್ಟಳು. ಪ್ರಹ್ಲಾದ ಎರಡೂ ಕೈಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ. ಎಡಗೈಗೆ ಕಪ್ಪು ಗ್ಲೌಸ್ ಇತ್ತು. ಬಲಗೈ ಬರಿಗೈ.

"ಗ್ಲೌಸ್ ಬೀಳಿಸ್ಕೊಂಡ್ರಾ? ಅಷ್ಟಕ್ಕೆ ಐಸ್‌ಕ್ರೀಮ್ ಎಸೆದ್ರಾ?"

"ಬಿದ್ದಿಲ್ಲ. ನೇತು ಹಾಕಿದ್ದೀನಿ."

"ಎಲ್ಲಿ?" ಎಂದು ಕೇಳಿದ ಮೇಲೆ ಅವಳಿಗೇ ಹೊಳೆಯಿತು. ನಾಲಿಗೆ ಕೋನಿನ ಮೇಲೆಯೇ ನಿಂತಿತು. "ಅಯ್ಯೋ. ಕುರಿ ಬೇಲಿ."

"ಬೆಳಿಗ್ಗೆ ಹತ್ತೂ ಕಾಲಿಗೆ ಆಫ್ ಮಾಡಿದ್ದು. ಈಗ ಎರಡೂ ಹತ್ತು."

ಇಷ್ಟಕ್ಕೆ ಯಾರಿಗೂ ಏನೂ ಅರ್ಥವಾಗುವುದಿಲ್ಲ, ಬೆಳಗಿನಿಂದಲೇ ಹೇಳಬೇಕು.

ಇಬ್ಬರೂ ಸ್ವೀಡನ್ನಿನ ಲುಡ್ವಿಕಾದಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳನ್ನು ಪರೀಕ್ಷಿಸುವ ಹಾಲ್‌ನಲ್ಲಿ ಕೆಲಸ ಮಾಡುವವರು. ಪ್ರಹ್ಲಾದ ಅಲ್ಲಿ ಹಿರಿಯ ಎಂಜಿನಿಯರ್, ಸ್ಟೆಫನಿ ಅವನ ಕೈಕೆಳಗೆ ಸೇರಿ ಎರಡನೆಯ ವರ್ಷ. ಅವಳು ಉಡುಪಿ ಹತ್ತಿರದ ಶಿರ್ವದವಳು. ಸ್ವೀಡಿಶ್ ಸಹೋದ್ಯೋಗಿಗಳ ಎದುರಿಗೆ, ಅಲ್ಲಿಯ ಪದ್ಧತಿಯಂತೆ, ಅವನನ್ನು ಬರೀ ಪ್ರಹ್ಲಾದ್ ಎಂದು ಕರೆಯುತ್ತಾಳೆ. ಅವರು ಆಚೆ ಹೋದ ಕೂಡಲೇ ಸರ್ ಎನ್ನುತ್ತಾಳೆ. ಬೇಡ ಅಂದರೂ ಬಿಟ್ಟಿಲ್ಲ. ಕಾಡಿನಲ್ಲಿ ಸೈಕಲ್ ಹೊಡೆಯುವ ಹುಚ್ಚು ಅವಳದು, ಅದನ್ನು ಅವನಿಗೆ ಹಿಡಿಸಿದವಳೂ ಅವಳೇ. "ಒಳ್ಳೇ ಟಾರ್ ರಸ್ತೆ ಹಾಕಿ ಕೊಟ್ಟಿರೋ ದೇಶದಲ್ಲಿ ಬಂಡೆ ಮೇಲೆ ಸೈಕಲ್ ಹೊಡೀತೀರಲ್ಲ, ನಿಮಗೇನು ಬಂದಿದೆ" ಎಂದು ಪ್ರಹ್ಲಾದನ ಹೆಂಡತಿ ವೈದೇಹಿ ಪ್ರತಿ ಶನಿವಾರ ಕೇಳುತ್ತಾಳೆ. ಪ್ರತಿ ಶನಿವಾರವೂ ಅವನು ಸೈಕಲ್ ಹೊರಗೆ ತೆಗೆಯುತ್ತಾನೆ. ಬೇರುಗಳ ಮೇಲೆ ಚಕ್ರ ಕುಣಿಯುವಾಗ, ಜೌಗಿನ ಮೇಲೆ ಹಾಸಿದ ಎರಡೇ ಹಲಗೆಗಳ ಸೇತುವೆಯಲ್ಲಿ ಉಸಿರು ಹಿಡಿದು ಹೋಗುವಾಗ, ತಲೆಯೊಳಗೆ ಒಂದೂ ಮಾತಿರುವುದಿಲ್ಲ. ಅದು ಅವನಿಗೆ ಬೇಕು.

ಜೂನ್ ಕೊನೆಯ ಆ ಶನಿವಾರ ಬೆಳಿಗ್ಗೆ ರೈಲಿನಲ್ಲಿ ಸೈಕಲ್ ಹಾಕಿಕೊಂಡು ಕೊಪ್ಪರ್‌ಬೆರ್ಯ್‌ಗೆ ಬಂದಿಳಿದಿದ್ದರು. ಹಳೇ ತಾಮ್ರದ ಗಣಿಯ ಊರು ಅದು. ಮರದ ಚರ್ಚು ಕೆಂಪಗೆ, ಅಡಿಯಿಂದ ಮುಡಿಯವರೆಗೆ ಮೀನಿನ ಪೊರೆಯಂಥ ಹಲಗೆ ಹೊದ್ದು ನಿಂತಿದೆ. ಸ್ಟೆಫನಿ ಒಳಗೆ ಹೋಗಿ ಒಂದು ಮೇಣದಬತ್ತಿ ಹಚ್ಚಿ ಬಂದಳು. "ನಿಮ್ಮ ಮಂಡಿಗೆ" ಎಂದಳು. ಅಲ್ಲಿಂದ ನೋರಾಕ್ಕೆ ಕಾಡಿನೊಳಗೆ ನಲವತ್ತು ಕಿಲೋಮೀಟರ್. ಹನ್ನೆರಡನೆಯ ಕಿಲೋಮೀಟರಿನಲ್ಲಿ, ಹಾಳುಬಿದ್ದ ಕಬ್ಬಿಣದ ಕುಲುಮೆಯೊಂದನ್ನು ದಾಟಿದ ಮೇಲೆ, ಕಾಲುದಾರಿ ಒಂದು ಕುರಿ ಹುಲ್ಲುಗಾವಲಿನ ನಡುವೆ ಹಾಯ್ದು ಹೋಗುತ್ತದೆ. ಈ ದೇಶದಲ್ಲಿ ಯಾರ ಹೊಲದಲ್ಲಿ ಬೇಕಾದರೂ ಹಾಯಬಹುದು, ಒಂದೇ ಷರತ್ತು: ಗೇಟು ಇದ್ದ ಹಾಗೇ ಇರಬೇಕು.

ಅದು ಬರೀ ಕುರಿ ಬೇಲಿಯಾಗಿರಲಿಲ್ಲ. ಐದು ತಂತಿ, ಎದೆಮಟ್ಟ, ಎಲ್ಲದರಲ್ಲೂ ಕರೆಂಟು. ಕಂಬಕ್ಕೆ ಹಳದಿ ಫಲಕ, ಅದರಲ್ಲಿ ತೋಳದ ತಲೆ. ಹಿಂದಿನ ವಾರವಷ್ಟೇ ಪಕ್ಕದ ಪ್ಯಾರಿಷ್‌ನಲ್ಲಿ ತೋಳ ನುಗ್ಗಿ ಒಂದೇ ರಾತ್ರಿ ಏಳು ಕುರಿ ಹರಿದುಹಾಕಿತ್ತು. ಆಫೀಸಿನ ಊಟದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಚಿತ್ರ ತೋರಿಸಿದ್ದರು: ಬಿಳೀ ಉಣ್ಣೆ, ಇಬ್ಬನಿ, ಉಳಿದದ್ದು ಕೆಂಪು. ಪ್ರಹ್ಲಾದ ಆ ದಿನ ಡಬ್ಬಿ ಮುಚ್ಚಿ ಎದ್ದುಹೋಗಿದ್ದ.

ಗೇಟಿನ ತಂತಿಗಳಿಗೆ ಪ್ಲಾಸ್ಟಿಕ್ಕಿನ ಹಿಡಿ ಇರುತ್ತದೆ. ಹಿಡಿ ಹಿಡಿದು ಕೊಂಡಿ ಬಿಚ್ಚಿ, ದಾಟಿ, ಮತ್ತೆ ಸಿಕ್ಕಿಸಿದರೆ ಆಯಿತು. ಡಾಗಿಸ್ ಎನ್ನುವ ಇಲ್ಲಿಯ ಶಿಶುವಿಹಾರದ ಮಕ್ಕಳೂ ಕಾಡಿಗೆ ಹೋಗುವಾಗ ಹಾಗೇ ಮಾಡುತ್ತಾರೆ. ಆದರೆ ಪ್ರಹ್ಲಾದನ ಕಣ್ಣಿಗೆ ಗೇಟಿನ ಪಕ್ಕದ ಡಬ್ಬಿ ಬಿತ್ತು: ಒಂದು ಬ್ಯಾಟರಿ, ಮೇಲೆ ಅಂಗೈಯಗಲದ ಸೋಲಾರ್ ಫಲಕ, ಮುಂದೆ ಕಪ್ಪು ತಿರುಗುಗುಂಡಿ. ಸ್ವಿಚ್ ಕಣ್ಣಿಗೆ ಬಿದ್ದ ಮೇಲೆ ಅದನ್ನು ಆಫ್ ಮಾಡದೆ ತಂತಿಯ ಹತ್ತಿರ ಹೋಗುವ ಕೈ ಅವನದಲ್ಲ. ಆಫ್ ಮಾಡಿದ. ಬಲಗೈ ಗ್ಲೌಸ್ ಬಿಚ್ಚಿ ಗುಂಡಿಗೆ ಟೋಪಿಯ ಹಾಗೆ ತೊಡಿಸಿದ. ಕೊಂಡಿ ಬಿಚ್ಚಿ ಒಳಗೆ ಹೋದ.

ಈ ಅಭ್ಯಾಸ ಇಲ್ಲಿಯದಲ್ಲ. ಸ್ವೀಡನ್ನಿಗೆ ಬರುವ ಮುಂಚೆ ಹನ್ನೊಂದು ವರ್ಷ ಪ್ರಹ್ಲಾದ ಹುಬ್ಬಳ್ಳಿ ಕಡೆಯ ಸಬ್‌ಸ್ಟೇಷನ್ನುಗಳಲ್ಲಿ ಕೆಲಸ ಮಾಡಿದ್ದ. ಅಲ್ಲಿ ಕಂಬ ಹತ್ತುವವನು ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಎಲ್‌ಸಿ ಎನ್ನುತ್ತಾರೆ. ಸ್ಟೇಷನ್ನಿನಲ್ಲಿ ಕೂತವನು ಆ ಲೈನ್ ಆಫ್ ಮಾಡಿ, ರಿಜಿಸ್ಟರಿನಲ್ಲಿ ಬರೆದು, ನಂಬರ್ ಕೊಡಬೇಕು. ಆಮೇಲೆ ಎಲ್‌ಸಿ ತೆಗೆದುಕೊಂಡವನೇ ಕೆಳಗಿಳಿದು, ತಾನೇ ಬಾಯಿಬಿಟ್ಟು ವಾಪಸ್ ಕೊಡುವ ತನಕ ಆ ಲೈನನ್ನು ಯಾರೂ ಚಾರ್ಜ್ ಮಾಡುವ, ಅಂದರೆ ಅದಕ್ಕೆ ಮತ್ತೆ ಕರೆಂಟು ಬಿಡುವ ಹಾಗಿಲ್ಲ. ಒಂದು ಸಲ ಯಾರೋ, ಕೆಲಸ ಮುಗಿದಿರಬೇಕು ಅಂದುಕೊಂಡು, ಚಾರ್ಜ್ ಮಾಡಿದರು. ಕಂಬದ ಮೇಲೆ ಲೈನ್‌ಮನ್ ಕೆಂಚಪ್ಪ ಇದ್ದ. ಬದುಕಿದ. ಬಲಗೈಯ ಎರಡು ಬೆರಳು ಮತ್ತು ಎಡಗಾಲಿನ ಹಿಮ್ಮಡಿ ಹೋದವು. ಚಾರ್ಜ್ ಮಾಡಿದವನು ಪ್ರಹ್ಲಾದನಲ್ಲ. ಆ ದಿನ ಅವನಿಗೆ ರಜೆ. ಆದರೂ ಮಾರನೆಯ ದಿನ ರಿಜಿಸ್ಟರಿನಲ್ಲಿ ವಾಪಸಾಗದೆ ಉಳಿದ ಆ ನಂಬರಿನ ಸಾಲನ್ನು ನೋಡಿದವನು ಅವನು. ಅಂದಿನಿಂದ ಯಾವ ಸ್ವಿಚ್ ಆಫ್ ಮಾಡಿದರೂ ಅದರ ಮೇಲೆ ತನ್ನದೇನಾದರೂ ನೇತು ಹಾಕುತ್ತಾನೆ. ಮನೆಯಲ್ಲಿ ಬಲ್ಬು ಬದಲಿಸುವಾಗ ಮೀಟರ್ ಬೋರ್ಡಿಗೆ ತನ್ನ ಕನ್ನಡಕ ಸಿಕ್ಕಿಸುತ್ತಾನೆ. ವೈದೇಹಿ ಅದರ ಬಗ್ಗೆ ಏನೂ ಕೇಳುವುದಿಲ್ಲ.

ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವನು ತೆಗೆದುಕೊಂಡದ್ದನ್ನು ವಾಪಸ್ ಕೊಡದೆ ಉಳಿಸಿರಲಿಲ್ಲ. ಆದರೆ ಅಷ್ಟೂ ವರ್ಷ ಒಳಗೆ ಹೋದ ಬಾಗಿಲಿನಿಂದಲೇ ಹೊರಗೆ ಬಂದಿದ್ದ. ಈ ಹುಲ್ಲುಗಾವಲಿಗೆ ಆಚೆ ತುದಿಯಲ್ಲಿ ಇನ್ನೊಂದು ಗೇಟಿತ್ತು. ಅದರಾಚೆಗೆ ಇಳಿಜಾರು, ಇಳಿಜಾರಿನಲ್ಲಿ ಸೈಕಲ್ಲಿಗಾಗಿಯೇ ಮಾಡಿದಂಥ ನುಣುಪು ಬಂಡೆಗಳು. ಸ್ಟೆಫನಿ ಹಿಂದಿನಿಂದ ಕೂಗಿದಳು. ಅವನೂ ಕೂಗಿದ. ನಲವತ್ತಾರರ ಗಂಡಸು ಬ್ರೇಕ್ ಬಿಟ್ಟು ಕೂಗಿದ. ತಲೆಯೊಳಗೆ ಒಂದೂ ಮಾತಿರಲಿಲ್ಲ.

*

ನೋರಾದಿಂದ ಹೊರಗೆ ಬರುವಷ್ಟರಲ್ಲಿ ಅವನಿಗೆ ಸಿಟ್ಟು ಬಂದಿತ್ತು. ಸಿಟ್ಟಿಗೆ ಒಬ್ಬರು ಬೇಕಲ್ಲ.

"ನೀನು ಹಿಂದೆ ಇದ್ದೆ ತಾನೆ? ಗೇಟ್ ಹಾಕಿದವಳು ನೀನು. ಸ್ವಿಚ್ ಆಫ್ ಇದ್ದದ್ದು ಕಾಣಿಸಲಿಲ್ವಾ?"

"ಕಾಣಿಸ್ತು."

"ಕಾಣಿಸ್ತು! ಮತ್ತೆ ಆನ್ ಮಾಡೋಕೆ ಏನಾಗಿತ್ತು?"

"ನಿಮ್ಮ ಗ್ಲೌಸ್ ಇತ್ತಲ್ಲ ಸರ್ ಅದರ ಮೇಲೆ."

ಅವನು ತನ್ನ ಬರಿಗೈಯನ್ನು ನೋಡಿಕೊಂಡ.

"ಫಸ್ಟ್ ಡೇ ನೀವೇ ಹೇಳಿದ್ದು. ಆಫ್ ಮಾಡಿದ ಸ್ವಿಚ್ ಮೇಲೆ ಇನ್ನೊಬ್ಬರ ಟ್ಯಾಗ್ ಇದ್ರೆ ದೇವರೇ ಬಂದು ಹೇಳಿದ್ರೂ ಮುಟ್ಬೇಡ ಅಂತ. ಪೇಪರ್ ಮೇಲೆ ಸೈನ್ ಬೇರೆ ಹಾಕಿಸ್ಕೊಂಡಿದ್ರಿ. ಎರಡು ಕಾಪಿ."

"ಅದು ಟೆಸ್ಟ್ ಹಾಲ್. ಇದು ಕುರಿ ಬೇಲಿ."

"ಹಾಗಾದ್ರೆ ಕುರಿ ಬೇಲಿಗೆ ಟ್ಯಾಗ್ ಯಾಕೆ ಹಾಕಿದ್ರಿ?"

ಅಷ್ಟರಲ್ಲಿ ದಾರಿಯಲ್ಲಿ ಏರು ಬಂತು. ಏರಿನ ನಡುವೆ ಸ್ಟೆಫನಿ ನಿಂತು ಫೋನ್ ತೆಗೆದಳು. ಸ್ವೀಡನ್ನಿನಲ್ಲಿ ನಕಾಶೆಯ ಮೇಲೆ ಯಾವ ಮನೆಯನ್ನು ಒತ್ತಿದರೂ ಅಲ್ಲಿ ಯಾರಿದ್ದಾರೆ, ಅವರ ವಯಸ್ಸೆಷ್ಟು, ನಂಬರ್ ಏನು ಎಂಬುದೆಲ್ಲ ಸಿಗುತ್ತದೆ. ಪ್ರಹ್ಲಾದನಿಗೆ ಹತ್ತು ವರ್ಷವಾದರೂ ಅದು ಒಗ್ಗಿರಲಿಲ್ಲ. ಇವತ್ತು ಮೊದಲ ಬಾರಿ ಒಳ್ಳೆಯದಾಯಿತು ಅನ್ನಿಸಿತು.

"ಮಾಯ್‌ಲಿಸ್ ಅಂತೆ. ಎಪ್ಪತ್ತೊಂದು ವರ್ಷ. ಒಬ್ರೇ ಇರೋದು. ನಾಯಿ ಹೆಸರು ಮಾತ್ರ ಕೊಟ್ಟಿಲ್ಲ."

ಫೋನ್ ರಿಂಗಾಗುತ್ತಲೇ ಇತ್ತು. ಕೊನೆಗೆ ಮುದುಕಿಯ ಧ್ವನಿಯೊಂದು, ನಾನಿಲ್ಲ, ಏನಿದ್ದರೂ ಹೇಳಿ ಎಂದಿತು. ಸ್ಟೆಫನಿ ಫೋನನ್ನು ಅವನ ಬಾಯಿಗೆ ಹಿಡಿದಳು. ಅವನಿಗೆ ಬರುವ ಸ್ವೀಡಿಶ್ ಎಲ್ಲ ಟ್ರಾನ್ಸ್‌ಫಾರ್ಮರಿನದು. ಏದುಸಿರಿನಲ್ಲಿ, ಅಲ್ಲಿಯ ನಮಸ್ಕಾರವಾದ ಹೇಯ್‌ನಿಂದ ಶುರುಮಾಡಿ ಹೇಳಿದ: "ಹೇಯ್. ನನ್ನ ಹೆಸರು ಪ್ರಹ್ಲಾದ. ನಿಮ್ಮ ಬೇಲಿಯ ವೋಲ್ಟೇಜ್ ಸೊನ್ನೆ. ಇದನ್ನು ಮಾಡಿದ್ದು ನಾನು. ನಾನು ಬರುತ್ತಿದ್ದೇನೆ."

ಸ್ಟೆಫನಿ ಕಟ್ ಮಾಡಿ ಅವನನ್ನೇ ನೋಡಿದಳು. "ಸರ್, ಒಂಟಿ ಹೆಂಗಸು ಇದನ್ನ ಕೇಳಿದ್ರೆ ಪೊಲೀಸಿಗೆ ಫೋನ್ ಮಾಡ್ತಾರೆ."

"ಮಾಡ್ಲಿ. ಪೊಲೀಸರಾದ್ರೂ ಹೋಗಿ ಆನ್ ಮಾಡ್ಲಿ."

ನೋರಾಕ್ಕೆ ಬರುವ ರೈಲು ಬೇಸಿಗೆಯ ಟೂರಿಸ್ಟರಿಗೆ ಉಗಿಬಂಡಿ ತೋರಿಸುವುದಕ್ಕೆ ಮಾತ್ರ. ಬಸ್ಸು ಶನಿವಾರ ಐದಕ್ಕೆ. ಇಪ್ಪತ್ತೆಂಟು ಕಿಲೋಮೀಟರ್ ತುಳಿಯದೆ ಬೇರೆ ದಾರಿಯಿರಲಿಲ್ಲ. ಬೆಳಿಗ್ಗೆ ಬಂದ ಬಂಡೆಯ ದಾರಿ ಬಿಟ್ಟು ಜಲ್ಲಿರಸ್ತೆ ಹಿಡಿದರು. ಎದುರುಗಾಳಿ. ಎರಡೂ ಕಡೆ ಸ್ಪ್ರೂಸ್ ಮರಗಳ ಗೋಡೆ. ನಡುನಡುವೆ ಕೆಂಪು ಮನೆ, ಅಂಚೆಡಬ್ಬಿ, ಯಾರೂ ಇಲ್ಲದ ಉಯ್ಯಾಲೆ. ಪ್ರಹ್ಲಾದ ತುಳಿದಷ್ಟೂ ತಲೆಯಲ್ಲಿ ಚಿತ್ರಗಳು ಏಳತೊಡಗಿದವು: ತಂತಿಯ ಕೆಳಗೆ ನುಸುಳುವ ಮರಿ, ಅದರ ಹಿಂದೆ ತಾಯಿ, ಕಾಡಿನ ಅಂಚಿನಲ್ಲಿ ಕೂತು ಕಾಯುವ ಬೂದು ಬೆನ್ನು.

"ಮಧ್ಯಾಹ್ನ ತೋಳ ಬರಲ್ಲ ಸರ್," ಎಂದಳು ಸ್ಟೆಫನಿ, ಕೇಳದೆಯೇ.

"ತೋಳ ನಿಂಗೆ ಹೇಳಿ ಕಳಿಸಿದ್ಯಾ?"

"ನಾನು ಓದಿದ್ದೀನಿ. ರಾತ್ರಿನೇ ಬರೋದು."

"ಮರಿಗಳು ಹೊರಗೆ ಬಂದಿದ್ರೆ? ಆ ಕಡೆ ದೊಡ್ಡ ರಸ್ತೆ ಇದೆ. ಮರದ ಲಾರಿ ಓಡಾಡ್ತವೆ."

ಅವಳು ಗೇರ್ ಬದಲಿಸಿ ಇನ್ನೂ ಜೋರಾಗಿ ತುಳಿದಳು. ಹದಿನೈದನೆಯ ಕಿಲೋಮೀಟರಿನಲ್ಲಿ ಮಂಡಿ ಹಿಡಿದುಕೊಂಡಿತು. ಇಪ್ಪತ್ತರಲ್ಲಿ ಕಾಲು ನೆಲಕ್ಕಿಟ್ಟು ನಿಂತ.

"ನೀನು ಮುಂದೆ ಹೋಗು. ಹೋಗಿ ಆನ್ ಮಾಡು."

"ಟ್ಯಾಗ್?"

"ಸ್ಟೆಫಿ, ಕೈ ಮುಗಿತೀನಿ. ಹೋಗು."

ಅವಳು ಹೋದಳು. ತಿರುವಿನಲ್ಲಿ ಅವಳ ಹಳದಿ ಬೆನ್ನು ಮರೆಯಾದ ಮೇಲೆ ಆ ಕಾಡಿನಲ್ಲಿ ಅವನ ಉಸಿರಿನ ಸದ್ದೊಂದೇ ಉಳಿಯಿತು. ಕೆಂಚಪ್ಪನನ್ನು ಆಸ್ಪತ್ರೆಯಲ್ಲಿ ನೋಡಲು ಹೋಗಿದ್ದಾಗ, ಆನ್ ಮಾಡಿದ ಹುಡುಗನೂ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ, ಒಳಗೆ ಬಂದಿರಲಿಲ್ಲ. ಎರಡು ದಿನವೂ ಹಾಗೇ ನಿಂತಿದ್ದ. ಆಗ ಪ್ರಹ್ಲಾದ ಅವನ ಪಕ್ಕದಲ್ಲೇ ಹಾದು ಹೋಗಿದ್ದ, ಮಾತಾಡಿಸದೆ. ಆ ಹುಡುಗನ ಹೆಸರು ಏನು ಮಾಡಿದರೂ ಈಗ ನೆನಪಾಗಲಿಲ್ಲ. ನೆನಪಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಏರಿನಲ್ಲಿ ಸೈಕಲ್ ನೂಕಿಕೊಂಡು, ಇಳಿಜಾರಿನಲ್ಲಿ ಹತ್ತಿಕೊಂಡು, ಒಂದೇ ಕಾಲಿನಲ್ಲಿ ತುಳಿದುಕೊಂಡು ಮುಂದೆ ಸಾಗಿದ.

*

ನಾಲ್ಕೂವರೆ ದಾಟಿತ್ತು. ಜಲ್ಲಿರಸ್ತೆ ಹುಲ್ಲುಗಾವಲನ್ನು ಬಳಸಿ ಬೆಳಗಿನ ಗೇಟಿನ ಕಡೆಗೇ ಬಂದು ಸೇರಿತು; ಕುಲುಮೆಯ ಹಾಳು ಗೋಡೆ ದಾಟಿದ ಕೂಡಲೇ ಗೇಟು ಕಾಣಿಸಿತು. ಗೇಟಿನ ಮುಂದೆ ಸ್ಟೆಫನಿ ನಿಂತಿದ್ದಳು. ಅವನ ಗ್ಲೌಸ್ ಬೆಳಿಗ್ಗೆ ಇಟ್ಟ ಹಾಗೇ ಗುಂಡಿಯ ಮೇಲಿತ್ತು.

"ಆನ್ ಮಾಡಿಲ್ವಾ? ಇನ್ನೂ ಟ್ಯಾಗ್ ಅಂತಿದ್ದೀಯಾ?"

"ಟ್ಯಾಗ್ ಅಲ್ಲ ಸರ್." ಅವಳ ಧ್ವನಿ ಸಣ್ಣಗಾಗಿತ್ತು. "ಒಳಗೆ ಒಂದೂ ಇಲ್ಲ. ಈಗ ಆನ್ ಮಾಡಿದ್ರೆ, ಹೊರಗೆ ಹೋಗಿರೋವು ಹೊರಗೇ ಉಳಿತಾವೆ."

ಅವನು ನೋಡಿದ. ಬೆಳಿಗ್ಗೆ ಕುರಿಗಳು ಹರಡಿಕೊಂಡಿದ್ದ ದಿಬ್ಬದ ತುಂಬ ಬರೀ ಹುಲ್ಲು. ಹುಲ್ಲಿನ ಮೇಲೆ ಗಾಳಿ. ಕೆಳಗಿನ ತಂತಿಯಲ್ಲಿ ಒಂದು ಹಿಡಿ ಉಣ್ಣೆ ಸಿಕ್ಕಿಕೊಂಡು ಅಲ್ಲಾಡುತ್ತಿತ್ತು. ಪ್ರಹ್ಲಾದ ಸೈಕಲ್ಲನ್ನು ಕೆಳಗೆ ಬೀಳಲು ಬಿಟ್ಟು ಅಲ್ಲೇ ಕೂತ. ತಾನು ಇಪ್ಪತ್ತು ವರ್ಷ ಹುಷಾರಾಗಿದ್ದೆ ಎಂಬುದು ಈಗ ಯಾರೋ ಬೇರೆಯವರು ಹೇಳಿದ ಸುದ್ದಿಯ ಹಾಗೆ ಕೇಳಿಸಿತು.

"ಏಳಿ ಸರ್. ಬೇಲಿ ಸುತ್ತ ನೋಡೋಣ. ಈ ಕಡೆ ರಕ್ತ ಎಲ್ಲೂ ಕಾಣಿಸ್ತಿಲ್ಲ."

"ಅದನ್ನೂ ಹುಡುಕಿದ್ಯಾ?"

"ಮತ್ತೆ? ಹತ್ತು ನಿಮಿಷ ಇನ್ನೇನ್ ಮಾಡ್ಲಿ. ದಿಬ್ಬದಾಚೆ ಒಬ್ಳೇ ಹೋಗೋಕೆ ಮನಸ್ಸಾಗ್ಲಿಲ್ಲ."

ಅವಳು ಕೈ ಕೊಟ್ಟು ಎಬ್ಬಿಸಿದಳು. ಕೊಂಡಿ ಬಿಚ್ಚಿ ಒಳಗೆ ಹೋದರು. ದಿಬ್ಬ ಹತ್ತಲು ಹೆಚ್ಚೆಂದರೆ ನೂರು ಹೆಜ್ಜೆ. ಪ್ರಹ್ಲಾದ ಒಂದೊಂದು ಹೆಜ್ಜೆಯನ್ನೂ ನಿಧಾನ ಮಾಡಿದ; ಮೇಲೆ ಹೋದ ಮೇಲೆ ಕಾಣುವುದನ್ನು ಕಂಡೇ ತೀರಬೇಕಲ್ಲ.

ಮೇಲೆ ಹೋದರು. ದಿಬ್ಬದಾಚೆ ನೆಲ ಕೆರೆಯ ಕಡೆಗೆ ಇಳಿದಿತ್ತು. ದಡದಲ್ಲಿ ಆಲ್ಡರ್ ಮರಗಳ ನೆರಳು. ನೆರಳಿನಲ್ಲಿ ಕುರಿಗಳು. ಎಲ್ಲ ಕುರಿಗಳು. ಬಿಸಿಲಿಗೆ ಬೇಸತ್ತು ಒಂದಕ್ಕೊಂದು ಅಂಟಿಕೊಂಡು ಮಲಗಿ, ಮೆಲುಕು ಹಾಕುತ್ತ, ಇವರಿಬ್ಬರನ್ನೂ ಕಛೇರಿಯ ಗುಮಾಸ್ತರ ಹಾಗೆ ತಲೆಯೆತ್ತಿ ನೋಡಿ ಮತ್ತೆ ಇಳಿಸಿದವು. ಅವುಗಳ ಬೆನ್ನಿಗೆ ಮೂರಡಿ ದೂರದಲ್ಲಿ ಬೇಲಿ. ಬೇಲಿಯಾಚೆ ಮಂಡಿಯುದ್ದ, ಕಡುಹಸಿರು, ಯಾರೂ ಬಾಯಿ ಹಾಕದ ಹುಲ್ಲು.

ಅವುಗಳ ನಡುವೆ ರಬ್ಬರ್ ಬೂಟು ತೊಟ್ಟ ಒಬ್ಬ ಮುದುಕಿ ಒಂದು ಮರಿಯನ್ನು ತೊಡೆಗಳ ನಡುವೆ ಹಿಡಿದು ಅದರ ಗೊರಸು ಕತ್ತರಿಸುತ್ತಿದ್ದಳು.

"ಹೇಯ್," ಎಂದಳು.

ಪ್ರಹ್ಲಾದನಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡೂ ಕೈ ಮಂಡಿಯ ಮೇಲಿಟ್ಟು ಬಗ್ಗಿ ನಿಂತ. ಉಸಿರು ಬಿಟ್ಟದ್ದು ಎಷ್ಟು ಹೊತ್ತು ಹೋಯಿತೆಂದರೆ, ಬೆಳಿಗ್ಗೆ ಹತ್ತೂ ಕಾಲಿನಿಂದ ಅದನ್ನು ಹಿಡಿದುಕೊಂಡಿದ್ದನೇನೋ ಎನ್ನುವಂತಿತ್ತು.

"ಇವರಿಗೆ ಹುಷಾರಿಲ್ಲವೇ?" ಮುದುಕಿ ಸ್ಟೆಫನಿಯನ್ನು ಕೇಳಿದಳು.

"ಇಲ್ಲ, ಇಲ್ಲ. ಇವರಿಗೆ ಸಂತೋಷವಾಗಿದೆ," ಎಂದಳು ಸ್ಟೆಫನಿ ಸ್ವೀಡಿಶ್‌ನಲ್ಲಿ. "ಹೀಗೇ ಕಾಣಿಸುತ್ತಾರೆ."

ಅವನು ತಾನೇ ಹೇಳಬೇಕೆಂದು ಹೇಳಿದ. ಹತ್ತೂ ಕಾಲು, ಸ್ವಿಚ್ಚು, ಗ್ಲೌಸು, ಇನ್ನೊಂದು ಗೇಟು, ಬಂಡೆಗಳು, ನೋರಾ. ಮಾಯ್‌ಲಿಸ್ ಮರಿಯನ್ನು ಬಿಡದೆ ಕೇಳಿದಳು. ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದಳಂತೆ. ಅವಳು ಮನೆಯ ಕಡೆಯಿಂದ ಕೆರೆದಂಡೆಗುಂಟ ಬಂದವಳು, ಡಬ್ಬಿಯ ಹತ್ತಿರ ಹೋಗಿಯೇ ಇರಲಿಲ್ಲ. ವೋಲ್ಟು ನೋಡುವುದು ದಿನಾ ಬೆಳಿಗ್ಗೆ ಏಳಕ್ಕೆ, ಒಂದೇ ಸಲ.

"ಹಾಗಾದರೆ ನಾನು ಬರದಿದ್ದರೆ, ನಾಳೆ ಏಳರವರೆಗೆ..." ಎಂದ ಪ್ರಹ್ಲಾದ.

"ನಾಳೆ ಏಳರವರೆಗೆ," ಎಂದಳು ಮಾಯ್‌ಲಿಸ್. ಮರಿಯನ್ನು ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. "ಕುರಿಗಳ ವಿಷಯ ಬಿಡು. ಏಪ್ರಿಲ್‌ನಲ್ಲಿ ಹೊರಗೆ ಬಿಟ್ಟ ದಿನ ಒಂದೊಂದೂ ಒಂದೊಂದು ಸಲ ಮೂಗು ತಾಗಿಸಿ ನೋಡಿವೆ. ಆಮೇಲೆ ಯಾರೂ ಹತ್ತಿರ ಹೋಗುವುದಿಲ್ಲ. ಕರೆಂಟು ಹೋಗಿದೆ ಅಂತ ಅವುಗಳಿಗೆ ಯಾರು ಹೇಳಬೇಕು? ಆದರೆ ಮೊನ್ನೆಯಿಂದ ಕೆರೆಯಾಚೆ ಒಂದು ತೋಳ ಓಡಾಡುತ್ತಿದೆ. ಅದು ದಿನಾ ರಾತ್ರಿ ಬಂದು ಬೇಲಿ ಮುಟ್ಟಿ ನೋಡುತ್ತದೆ. ಹೊಸದಾಗಿ ಪ್ರತಿ ರಾತ್ರಿ." ಗಂಟಲಿನಲ್ಲೇ ಏನೋ ಅಂದುಕೊಂಡು, "ಐವತ್ತನಾಲ್ಕಿರಬೇಕು. ಎಣಿಸೋಣ," ಎಂದಳು.

ಎಣಿಸತೊಡಗಿದ ಕೂಡಲೇ ಕುರಿಗಳು ಎದ್ದುಬಿಟ್ಟವು. ಪ್ರಹ್ಲಾದ ಐವತ್ತೊಂದು ಎಣಿಸಿದ. ಸ್ಟೆಫನಿ ಐವತ್ತಾರು ಎಂದಳು.

"ಐವತ್ತಾರು ಹೇಗಾಗುತ್ತೆ? ಎಣಿಸೋದು ಬರಲ್ವಾ ನಿನಗೆ?"

"ಕಡಿಮೆ ಬರೋದಕ್ಕಿಂತ ಜಾಸ್ತಿ ಬರೋದು ಒಳ್ಳೇದಲ್ವಾ ಸರ್? ತೋಳ ಎರಡು ತಂದಿಟ್ಟು ಹೋಗಿರ್ಬಹುದು."

ಮಾಯ್‌ಲಿಸ್ ಎಣಿಸಲಿಲ್ಲ. ಬಕೆಟ್ಟಿನಿಂದ ಒಂದು ಹಿಡಿ ಓಟ್ಸ್ ತೆಗೆದು ಉದ್ದಕ್ಕೆ ಒಂದು ಗೆರೆ ಚೆಲ್ಲಿದಳು. ಕುರಿಗಳು ತಾವಾಗಿಯೇ ಸಾಲಾಗಿ ನಿಂತವು. ಇಪ್ಪತ್ತು ತಾಯಿ, ಮೂವತ್ತನಾಲ್ಕು ಮರಿ. ಐವತ್ತನಾಲ್ಕು. ಒಂದೂ ಕಡಿಮೆಯಿಲ್ಲ. ಪ್ರಹ್ಲಾದ ಇನ್ನೊಂದು ಸಲ ಎಣಿಸಿದ. ತೃಪ್ತಿಗೆ ಮೂರನೆಯ ಸಲವೂ ಎಣಿಸಿದ. ಕೊನೆಯ ಮರಿಗೆ ಒಂದು ಕಿವಿ ಕಪ್ಪಗಿತ್ತು. ಅದರ ತಲೆ ಮುಟ್ಟಿದ. ಬೆಚ್ಚಗಿತ್ತು, ಎಣ್ಣೆಯೆಣ್ಣೆ. ಮರಿ ಅವನ ಬರಿಗೈಯನ್ನು ಮೂಸಿ, ವೆನಿಲ್ಲಾದ ವಾಸನೆ ಹಿಡಿದು, ನೆಕ್ಕಿತು.

"ನಿಮ್ಮ ಐಸ್‌ಕ್ರೀಮ್ ಪೂರ್ತಿ ವೇಸ್ಟ್ ಆಗ್ಲಿಲ್ಲ," ಎಂದಳು ಸ್ಟೆಫನಿ.

ಮಾಯ್‌ಲಿಸ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಮುಚ್ಚಳ ಒಂದೇ ಇತ್ತು, ಮೂವರೂ ಸರದಿಯ ಮೇಲೆ ಕುಡಿದರು. ಸಕ್ಕರೆಯಿಲ್ಲದ, ಟಾರಿನಂಥ ಕಾಫಿ. ಪ್ರಹ್ಲಾದನಿಗೆ ಜೀವಮಾನದಲ್ಲಿ ಅಷ್ಟು ರುಚಿಯಾದ ಕಾಫಿ ಕುಡಿದ ನೆನಪಿರಲಿಲ್ಲ. ಕೆರೆಯ ಮೇಲಿನ ಬೆಳಕು, ತನ್ನ ನೋಯುವ ಮಂಡಿ, ಕಾಲಿಗೆ ಮುತ್ತುತ್ತಿದ್ದ ನೊಣ, ಎಲ್ಲವೂ ಅವನಿಗೆ ಆಗಷ್ಟೇ ಯಾರೋ ಕೊಟ್ಟ ಹಾಗಿತ್ತು.

*

ಮೂವರೂ ಗೇಟಿಗೆ ನಡೆದರು. ಕೊಂಡಿ ಹಾಕಿದ್ದಾಯಿತು. ಪ್ರಹ್ಲಾದ ಡಬ್ಬಿಯ ಮುಂದೆ ನಿಂತು ಸುತ್ತಲೂ ನೋಡಿದ.

"ಸ್ಟೆಫಿ, ತಂತಿಯಿಂದ ದೂರ ಇದ್ದೀಯಾ?"

"ಒಂದು ಮೈಲಿ ದೂರ ಇದ್ದೀನಿ ಸರ್."

ಸ್ವೀಡಿಶ್‌ನಲ್ಲಿ ಮಾಯ್‌ಲಿಸಳನ್ನೂ ಕೇಳಿದ. ಅವಳು ಹೌದು ಎಂದು ತಲೆಯಾಡಿಸಿದಳು. ಬಾಯಿಂದ ಹೇಳಬೇಕು ಎಂದ. ಅವಳು ಬಾಯಿಂದಲೂ ಹೇಳಿದಳು. ಆಮೇಲೆ ಅವನು ಗ್ಲೌಸ್ ತೆಗೆದು ಜೇಬಿಗೆ ಹಾಕಿ, "ಎಲ್‌ಸಿ ರಿಟರ್ನ್. ಲೈನ್ ಚಾರ್ಜ್ ಮಾಡ್ತಿದ್ದೀನಿ," ಎಂದು, ಹುಬ್ಬಳ್ಳಿಯವರೆಗೂ ಕೇಳುವಷ್ಟು ಗಟ್ಟಿಯಾಗಿ ಕನ್ನಡದಲ್ಲಿ ಕೂಗಿ, ಗುಂಡಿ ತಿರುಗಿಸಿದ. ಡಬ್ಬಿಯೊಳಗಿನಿಂದ ಸದ್ದು ಬಂತು. ಟಿಕ್. ಒಂದು ಸೆಕೆಂಡು ಬಿಟ್ಟು, ಟಿಕ್.

"ಇವರು ಏನೆಂದರು?" ಮಾಯ್‌ಲಿಸ್ ಕೇಳಿದಳು.

"ಪ್ರಾರ್ಥನೆ," ಎಂದಳು ಸ್ಟೆಫನಿ.

"ತುದಿಯವರೆಗೆ ಕರೆಂಟು ಬಂದಿದೆಯೋ ಇಲ್ಲವೋ ನೋಡಬೇಕು," ಎಂದ ಪ್ರಹ್ಲಾದ. "ಮೀಟರ್ ಎಲ್ಲಿದೆ?"

"ಮನೆಯಲ್ಲಿ. ಅದು ಯಾಕೆ?" ಮಾಯ್‌ಲಿಸ್ ಬಗ್ಗಿ ಉದ್ದನೆಯ ಹುಲ್ಲಿನ ಎಸಳೊಂದನ್ನು ಕಿತ್ತಳು. ಅದರ ತುದಿಯನ್ನು ಮೇಲಿನ ತಂತಿಗೆ ಒರಗಿಸಿ, ಎಸಳಿನ ಮೇಲೆ ಬೆರಳನ್ನು ನಿಧಾನ ತಂತಿಯ ಕಡೆಗೆ ಸರಿಸುತ್ತ ಹೋದಳು. ಒಂದು ಕಡೆ ಅವಳ ಮಣಿಕಟ್ಟು ಸಣ್ಣಗೆ ಕುಣಿಯಿತು. ಇನ್ನೊಮ್ಮೆ ಕುಣಿಯಿತು. "ಚೆನ್ನಾಗಿದೆ," ಎಂದಳು.

ಪ್ರಹ್ಲಾದ ಎರಡು ಹೆಜ್ಜೆ ಹಿಂದೆ ಸರಿದಿದ್ದ.

"ನನಗೆ, ನನಗೆ," ಎಂದು ಸ್ಟೆಫನಿ ಎಸಳು ತೆಗೆದುಕೊಂಡು ತಂತಿಗೆ ತಾಗಿಸಿದಳು. ಬೆರಳು ಸರಿಸುತ್ತ ಹೋಗಿ, "ಉಯ್ಯಿ!" ಎಂದು ಕಿರುಚಿ ಹಾರಿದಳು, ಮತ್ತೆ ತಾಗಿಸಿದಳು, ಮತ್ತೆ ಕಿರುಚಿದಳು. "ಸರ್, ಏನೂ ಆಗಲ್ಲ ಮಾರಾಯ್ರೆ! ಕಚಗುಳಿ ಇಟ್ಟ ಹಾಗೆ! ಇರುವೆ ಕಚ್ಚಿದಷ್ಟೂ ಇಲ್ಲ!"

ದಿಬ್ಬದ ಮೇಲೆ ಒಂದೆರಡು ಕುರಿಗಳು ಬಂದು ನಿಂತು ಇವರನ್ನು ನೋಡುತ್ತಿದ್ದವು. ಮಾಯ್‌ಲಿಸ್ ಹೊಸದೊಂದು ಎಸಳು ಕಿತ್ತಳು. ಉದ್ದದ್ದು, ಹಸಿರು, ನೆಟ್ಟಗಿತ್ತು. ಸ್ವೀಡಿಶ್‌ನಲ್ಲಿ ಎಲ್ಲರೂ ಎಲ್ಲರಿಗೂ ಏಕವಚನವೇ; ಆದರೂ ಅವಳ ಧ್ವನಿಯಲ್ಲಿ, ಮನೆಗೆ ಬಂದವನಿಗೆ ತಟ್ಟೆ ಮುಂದೆ ಮಾಡುವ ಉಪಚಾರವಿತ್ತು.

"ತಗೋ. ಐವತ್ತಾರು ಕಿಲೋಮೀಟರ್ ತುಳಿದು ವಾಪಸ್ ಬಂದವನು ನೀನು. ಬಂದಿದೆಯೋ ಇಲ್ಲವೋ ನೀನೇ ನೋಡಿಬಿಡು. ಮನಸ್ಸಿಗೆ ಸಮಾಧಾನ."

"ತಗೊಳ್ಳಿ ಸರ್," ಎಂದಳು ಸ್ಟೆಫನಿ. "ನಿಮ್ಮದೇ ಎಲ್‌ಸಿ."

ಪ್ರಹ್ಲಾದ ಎಸಳನ್ನು ನೋಡಿದ. ತಂತಿಯನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾನು ಮುಟ್ಟಲ್ಲ," ಎಂದ.